ಅಮೆರಿಕದಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮುಂದೇನು? ಕಲಬುರಗಿ ಕಡೆಯ ನಮ್ಮ ಹುಡುಗರಿಗೆ, ಅವರ ಮನೆಯವರಿಗೆ

ಅಮೆರಿಕದಲ್ಲಿ ಕುಡಿದು ಕಾರ್ ಓಡಿಸಿ ಪೊಲೀಸರ ಕೈಗೆ ಸಿಕ್ಕರೆ ಶುರುವಾಗುವುದು ಒಂದು ಕೇಸ್ ಅಲ್ಲ, ಮೂರು. ಒಂದು ಲೈಸೆನ್ಸಿನದು, ಇನ್ನೊಂದು ಕೋರ್ಟಿನದು, ಮೂರನೆಯದು ವೀಸಾದ್ದು. ಮೂರಕ್ಕೂ ಬೇರೆ ಬೇರೆ ಆಫೀಸು, ಬೇರೆ ಬೇರೆ ಗಡುವು. ಒಂದರಲ್ಲಿ ಗೆದ್ದರೆ ಉಳಿದದ್ದು ತಾನಾಗಿ ಮುಗಿಯುವುದಿಲ್ಲ. ನಮ್ಮ ಕಲಬುರಗಿಯಲ್ಲಿ ಇಂಥ ಸುದ್ದಿ ಬಂದ ಕೂಡಲೇ ಮನೆಯವರು ಮೊದಲು ಕೇಳುವುದು "ಅಲ್ಲಿ ನಮ್ಮೋರು ಯಾರಿದ್ದಾರೆ, ಯಾರಿಗೆ ಹೇಳಿಸೋಣ" ಅಂತ. ಅಲ್ಲಿ ವಶೀಲಿ ನಡೆಯುವುದಿಲ್ಲ. ತಾರೀಖು ತಪ್ಪದಂತೆ ನೋಡಿಕೊಳ್ಳಬೇಕು, ಅಷ್ಟೇ ಕೆಲಸಕ್ಕೆ ಬರುವುದು.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ಮಂದಿ ಜಾಸ್ತಿ ಇರುವ ಕ್ಯಾಲಿಫೋರ್ನಿಯಾವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ, ಅಲ್ಲಲ್ಲಿ ಟೆಕ್ಸಾಸ್ ಬಗ್ಗೆಯೂ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಡಿಯುಐ ಅನ್ನುತ್ತಾರೆ, ಟೆಕ್ಸಾಸಿನಲ್ಲಿ ಡಿಡಬ್ಲ್ಯುಐ.

ಮೊದಲು ಮಿತಿಯ ಮಾತು. ನಮ್ಮಲ್ಲಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಕೇಸ್. ಅಮೆರಿಕದಲ್ಲಿ ಅದು 80, ಅಂದರೆ ಅವರು ಹೇಳುವ 0.08. ಯೂಟಾ ರಾಜ್ಯದಲ್ಲಿ ಮಾತ್ರ 0.05. "ಹಾಗಾದ್ರೆ ಅಲ್ಲಿ ಎರಡು ಬಿಯರ್ ನಡೀತದಲ್ಲ" ಅಂದುಕೊಳ್ಳಬೇಡಿ. 0.08ಕ್ಕಿಂತ ಕಡಿಮೆ ಬಂದರೂ, ಕುಡಿತದಿಂದ ಗಾಡಿಯ ಹಿಡಿತ ತಪ್ಪಿತ್ತು ಅಂತ ಪೊಲೀಸರಿಗೆ ಕಂಡರೆ ಕೇಸ್ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ 21 ತುಂಬದವರಿಗೆ 0.01 ಬಂದರೂ ಲೈಸೆನ್ಸ್ ಹೋಗುತ್ತದೆ.

ಗಾಡಿ ನಿಲ್ಲಿಸಿದ ಮೇಲೆ ಪೊಲೀಸರು ಮೊದಲು ಮಾತಾಡಿಸುತ್ತಾರೆ. "ಎಲ್ಲಿಂದ ಬಂದಿರಿ, ಏನು ಕುಡಿದಿರಿ?" ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ತೋರಿಸಲೇಬೇಕು. ಎಷ್ಟು ಕುಡಿದಿರಿ ಅನ್ನುವುದಕ್ಕೆ ಉತ್ತರ ಕೊಡಲೇಬೇಕು ಅಂತಿಲ್ಲ. ಸುಳ್ಳು ಹೇಳಬೇಡಿ, ವಾದ ಮಾಡಬೇಡಿ. ವಕೀಲರ ಜೊತೆ ಮಾತಾಡಿ ಹೇಳುತ್ತೇನೆ ಅಂದರೆ ಸಾಕು. ಆಮೇಲೆ ಕೆಳಗಿಳಿಸಿ ಪರೀಕ್ಷೆ ಮಾಡುತ್ತಾರೆ. ಪೆನ್ನಿನ ತುದಿಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಹಿಮ್ಮಡಿಗೆ ಇನ್ನೊಂದು ಪಾದದ ಕಾಲ್ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ಒಂಬತ್ತು ಹೆಜ್ಜೆ ನಡೆದು, ತಿರುಗಿ, ಮತ್ತೆ ಒಂಬತ್ತು ಹೆಜ್ಜೆ ಬರಬೇಕು. ಒಂದು ಕಾಲಿನ ಮೇಲೆ ನಿಂತು ಎಣಿಸಬೇಕು. ಇಂಗ್ಲಿಷ್‌ನಲ್ಲಿ ಗಡಿಬಿಡಿಯಲ್ಲಿ ಹೇಳಿದ ಸೂಚನೆ ಅರ್ಥವಾಗದೆ ಎಡವಿದರೆ ಅದೂ ವರದಿಯಲ್ಲಿ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ರಸ್ತೆ ಬದಿಯ ಕಸರತ್ತನ್ನು ವಿನಯದಿಂದ ಬೇಡ ಅನ್ನಬಹುದು. 21 ದಾಟಿದವರು, ಹಿಂದಿನ ಡಿಯುಐಗೆ ಕೋರ್ಟ್ ಹಾಕಿದ ಷರತ್ತಿನ ನಿಗಾದಲ್ಲಿ, ಅಂದರೆ ಪ್ರೊಬೇಷನ್‌ನಲ್ಲಿ ಇಲ್ಲದವರು, ಅರೆಸ್ಟಿಗೆ ಮೊದಲು ಊದಿಸುವ ಕೈಮೆಷಿನ್ನನ್ನೂ ಬೇಡ ಅನ್ನಬಹುದು.

ಅರೆಸ್ಟ್ ಆದ ಮೇಲಿನ ಪರೀಕ್ಷೆಯ ಕಥೆಯೇ ಬೇರೆ. ಉಸಿರು ಅಥವಾ ರಕ್ತ, ಒಂದನ್ನು ಕೊಡಲೇಬೇಕು. ರಸ್ತೆಗೆ ಗಾಡಿ ಇಳಿಸಿದಾಗಲೇ ಇದಕ್ಕೆ ಒಪ್ಪಿದಂತೆ ಅಂತ ಕಾನೂನು ಹೇಳುತ್ತದೆ. ನಿರಾಕರಿಸಿದರೆ ಮೊದಲ ಸಲಕ್ಕೇ ಲೈಸೆನ್ಸ್ ಒಂದು ವರ್ಷ ಅಮಾನತು, ಕೋರ್ಟಿನಲ್ಲಿ ಶಿಕ್ಷೆಯೂ ಹೆಚ್ಚಬಹುದು. ಪೊಲೀಸರು ವಾರಂಟ್ ತಂದು ರಕ್ತ ತೆಗೆಸಲೂಬಹುದು. ರಕ್ತ ಕೊಟ್ಟರೆ ಒಂದು ಅನುಕೂಲವಿದೆ. ಆ ಮಾದರಿಯನ್ನು ಇಟ್ಟಿರುತ್ತಾರೆ, ನಿಮ್ಮ ವಕೀಲರು ಬೇರೆ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಬಹುದು.

ಕಾರನ್ನು ಟೋ ಮಾಡಿಕೊಂಡು ಹೋಗುತ್ತಾರೆ, ಅದಕ್ಕೆ ದಿನದ ಲೆಕ್ಕದಲ್ಲಿ ಬಾಡಿಗೆ ಬೀಳುತ್ತದೆ. ಗೆಳೆಯರಿಗೆ ಹೇಳಿ ಬೇಗ ಬಿಡಿಸಿಕೊಳ್ಳಿ. ಮೊದಲ ಸಲ, ಯಾರಿಗೂ ಪೆಟ್ಟಾಗಿಲ್ಲ ಅಂದರೆ, ಸಾಮಾನ್ಯವಾಗಿ ಅಮಲು ಇಳಿದ ಮೇಲೆ ಕೋರ್ಟಿನ ತಾರೀಖು ಬರೆದ ಚೀಟಿಗೆ ಸಹಿ ಹಾಕಿಸಿಕೊಂಡು ಬಿಡುತ್ತಾರೆ. ಕಾರಿನಲ್ಲಿ ಮಗು ಇದ್ದರೆ ಮಾತ್ರ ಲೆಕ್ಕವೇ ಬದಲು. ಟೆಕ್ಸಾಸಿನಲ್ಲಿ 15ರೊಳಗಿನ ಮಗುವನ್ನು ಕೂರಿಸಿಕೊಂಡು ಸಿಕ್ಕರೆ ಮೊದಲ ಸಲವೇ ಫೆಲನಿ, ಅಂದರೆ ಗಂಭೀರ ಅಪರಾಧ.

ಜೈಲಿನ ಫೋನಿನಿಂದ ಮನೆಗೆ ಮಾತಾಡುವಾಗ ಹುಷಾರು. ಆ ಕರೆಗಳು ರೆಕಾರ್ಡ್ ಆಗುತ್ತವೆ. "ಅಪ್ಪಾ, ಮೂರೇ ಪೆಗ್ ಹಾಕಿದ್ದೆ" ಅಂತ ಕಲಬುರಗಿ ಕನ್ನಡದಲ್ಲಿ ಹೇಳಿದರೂ ಅದನ್ನು ಅನುವಾದ ಮಾಡಿಸಿ ಕೋರ್ಟಿಗೆ ತರಬಹುದು. ಆರಾಮಿದ್ದೇನೆ, ಇಂಥ ಕಡೆ ಇದ್ದೇನೆ, ವಕೀಲರು ಬೇಕು, ಇಷ್ಟು ಸಾಕು. ಅಪ್ಪ ಅವ್ವ ಕೂಡ ಫೋನಿನಲ್ಲಿ "ಏನಾಯ್ತು, ಹ್ಯಾಂಗಾಯ್ತು" ಅಂತ ಕೆದಕಬಾರದು. ಭಾರತದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವ ಹಕ್ಕೂ ನಿಮಗಿದೆ. ಆದರೆ ಅವರು ಕೇಸ್ ಬಿಡಿಸುವುದಿಲ್ಲ.

ಈಗ ಜಾಸ್ತಿ ಮಂದಿ ಎಡವುವ ಜಾಗ. ಬಿಡುವಾಗ ಪೊಲೀಸರು ಕ್ಯಾಲಿಫೋರ್ನಿಯಾದ ಲೈಸೆನ್ಸ್ ಇಟ್ಟುಕೊಂಡು ಒಂದು ಗುಲಾಬಿ ಬಣ್ಣದ ಹಾಳೆ ಕೊಡುತ್ತಾರೆ. 30 ದಿನ ಅದೇ ಲೈಸೆನ್ಸ್. 30 ದಿನ ಇದೆಯಲ್ಲ ಅಂತ ಹುಡುಗರು ಅದನ್ನು ಮಡಚಿ ಜೇಬಿಗೆ ಹಾಕುತ್ತಾರೆ, ಕೋರ್ಟಿನ ತಾರೀಖಿನ ಚಿಂತೆಯಲ್ಲಿ ಬೀಳುತ್ತಾರೆ. ಅದೇ ಹಾಳೆಯಲ್ಲಿ ಇನ್ನೊಂದು ಗಡುವು ಇರುತ್ತದೆ. 10 ದಿನದೊಳಗೆ ಡಿಎಂವಿಗೆ, ಅಂದರೆ ಅಲ್ಲಿನ ಆರ್‌ಟಿಒಗೆ, ವಿಚಾರಣೆ ಬೇಕು ಅಂತ ಕೇಳಬೇಕು. ಕೇಳದಿದ್ದರೆ 30 ದಿನ ಮುಗಿದ ಕೂಡಲೇ ಅಮಾನತು ಶುರು. ಮೊದಲ ಸಲಕ್ಕೆ ನಾಲ್ಕು ತಿಂಗಳು. ಟೆಕ್ಸಾಸಿನಲ್ಲಿ ಈ ಗಡುವು 15 ದಿನ. ಕ್ಯಾಲಿಫೋರ್ನಿಯಾದ ಈ ವಿಚಾರಣೆಯಲ್ಲಿ ಜಡ್ಜ್ ಇರುವುದಿಲ್ಲ, ಇಲಾಖೆಯ ಅಧಿಕಾರಿಯೇ ನಡೆಸುತ್ತಾರೆ. ಅಲ್ಲಿ ಕೇಳುವುದು ಸ್ವಲ್ಪವೇ: ನಿಲ್ಲಿಸಲು ಕಾರಣ ಇತ್ತೇ, ಅರೆಸ್ಟ್ ಸರಿಯಿತ್ತೇ, 0.08 ದಾಟಿತ್ತೇ. ಕೋರ್ಟಿನಲ್ಲಿ ಕೇಸ್ ಕೈಬಿಟ್ಟರೂ ಈ ಅಮಾನತು ತಾನಾಗಿ ಹೋಗುವುದಿಲ್ಲ. ಭಾರತದ ಲೈಸೆನ್ಸ್ ತೋರಿಸಿ ಓಡಿಸುತ್ತೇನೆ ಅನ್ನುವುದೂ ನಡೆಯುವುದಿಲ್ಲ. ಅಮಾನತಾಗುವುದು ಆ ರಾಜ್ಯದಲ್ಲಿ ಗಾಡಿ ಓಡಿಸುವ ನಿಮ್ಮ ಹಕ್ಕೇ. ಕೆಲಸಕ್ಕೆ ಹೋಗಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಕಾರಿಗೆ ಊದುವ ಯಂತ್ರ ಹಾಕಿಸಿ, ಊದಿದ ಮೇಲಷ್ಟೇ ಗಾಡಿ ಚಾಲೂ ಆಗುವಂತೆ ಮಾಡಿಕೊಂಡು, ನಿರ್ಬಂಧದ ಲೈಸೆನ್ಸ್ ಪಡೆಯಬಹುದು.

ಕೋರ್ಟಿನ ಮೊದಲ ಪೇಶಿಗೆ ಅರೈನ್‌ಮೆಂಟ್ ಅನ್ನುತ್ತಾರೆ. ಆರೋಪ ಓದಿ ಹೇಳುತ್ತಾರೆ, ಒಪ್ಪುತ್ತೀರೋ ಇಲ್ಲವೋ ಅಂತ ಕೇಳುತ್ತಾರೆ. ಅವತ್ತೇ ಒಪ್ಪಿಕೊಂಡು ದಂಡ ಕಟ್ಟಿ ಕೈತೊಳೆದುಕೊಳ್ಳೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಪ್ಪುವುದಿಲ್ಲ ಅಂದರೆ ಸುಳ್ಳು ಹೇಳಿದಂತಲ್ಲ. ಪೊಲೀಸ್ ವರದಿ, ವಿಡಿಯೊ, ಮೆಷಿನ್ನಿನ ದಾಖಲೆ ನೋಡಲು ಸಮಯ ಸಿಗುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತಾರೆ. ತಾರೀಖಿಗೆ ಹೋಗದಿದ್ದರೆ ವಾರಂಟ್. ಇನ್ನೊಂದು ಮಾತು: ಹೋದ ದಿನ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ ಅಂದರೆ ಕೇಸ್ ಮುಗಿಯಿತು ಅಂತ ಅಲ್ಲ. ಇಂಥ ಸಣ್ಣ ಅಪರಾಧಕ್ಕೆ ಒಂದು ವರ್ಷದವರೆಗೂ ಕೇಸ್ ಹಾಕಬಹುದು. ಮನೆ ಬದಲಿಸಿದರೆ ವಿಳಾಸ ತಿಳಿಸಿ.

ಶಿಕ್ಷೆ ಆದರೆ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲಕ್ಕೆ ಮೂಲ ದಂಡ 390ರಿಂದ 1000 ಡಾಲರ್. ಅದರ ಮೇಲೆ ಬೀಳುವ ಶುಲ್ಕಗಳು ಅದನ್ನು ಕೆಲವು ಪಟ್ಟು ಮಾಡುತ್ತವೆ. ಜೊತೆಗೆ ಸಾಮಾನ್ಯವಾಗಿ ಮೂರು ವರ್ಷ ಪ್ರೊಬೇಷನ್, ಮೂರು ತಿಂಗಳ ಕುಡಿತದ ತರಗತಿ. ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಹತ್ತು ವರ್ಷದೊಳಗೆ ಮತ್ತೆ ಸಿಕ್ಕರೆ ಎರಡನೆಯ ಸಲ ಅಂತ ಲೆಕ್ಕ. ಇನ್ಶೂರೆನ್ಸಿನ ಕಂತೂ ಏರುತ್ತದೆ.

ವೀಸಾದ ಮಾತು ಎಲ್ಲಕ್ಕಿಂತ ಭಾರ. ಒಂದೇ ಒಂದು ಸಾದಾ ಡಿಯುಐಗೆ ಸಾಮಾನ್ಯವಾಗಿ ಗಡೀಪಾರು ಮಾಡುವುದಿಲ್ಲ. ಆದರೆ 2015ರ ನವೆಂಬರ್‌ನಿಂದ ಅಮೆರಿಕದ ವಿದೇಶಾಂಗ ಇಲಾಖೆ, ಶಿಕ್ಷೆಯಾಗದೆ ಬರೀ ಅರೆಸ್ಟ್ ಆದರೂ ವೀಸಾ ರದ್ದು ಮಾಡಬಹುದು. ಇಮೇಲಿನಲ್ಲಿ ಒಂದು ಸಾಲಿನ ಸುದ್ದಿ ಬರುತ್ತದೆ. ಅದು ಬಂದ ಮಾತ್ರಕ್ಕೆ ಅಲ್ಲಿ ಇರುವ ಹಕ್ಕು ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ. ಐ-94, ಅಂದರೆ ಅಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ದಾಖಲೆ, ಇನ್ನೂ ನಡೆಯುತ್ತಿದ್ದು, ಓದೋ ಕೆಲಸವೋ ನಿಯಮದಂತೆ ಸಾಗುತ್ತಿದ್ದರೆ ಸಾಮಾನ್ಯವಾಗಿ ಇರಬಹುದು. ತೊಂದರೆ ಶುರುವಾಗುವುದು ತಂಗಿ ಮದುವೆಗೆ ಅಂತ ಕಲಬುರಗಿಗೆ ಬಂದಾಗ. ವಾಪಸ್ ಹೋಗಲು ಹೊಸ ವೀಸಾ ಬೇಕು. ಸಂದರ್ಶನವಾದ ಮೇಲೆ ಕುಡಿತದ ಚಟ ಇದೆಯೇ ಅಂತ ನೋಡಲು ಅವರೇ ನೇಮಿಸಿದ ಡಾಕ್ಟರ ಬಳಿ ಕಳಿಸುತ್ತಾರೆ. ವಾರಗಟ್ಟಲೆ ಕೂರಬೇಕಾಗಬಹುದು, ಅಷ್ಟರಲ್ಲಿ ಕೆಲಸವೇ ಅಲುಗಾಡಬಹುದು. ಅದಕ್ಕೆ ಟಿಕೆಟ್ ತೆಗೆಸುವ ಮೊದಲು ವಲಸೆ ವಕೀಲರನ್ನು ಕೇಳಿ. ವಿದ್ಯಾರ್ಥಿಗಳು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗುವ ಮುಂಚೆಯೂ ವಲಸೆ ವಕೀಲರನ್ನೇ ಕೇಳುವುದು ಒಳ್ಳೆಯದು.

ಕ್ರಿಮಿನಲ್ ವಕೀಲರಿಗೂ ನೀವು ಯಾವ ವೀಸಾದಲ್ಲಿದ್ದೀರಿ ಅಂತ ಮೊದಲ ದಿನವೇ ಹೇಳಿ. ತಪ್ಪೊಪ್ಪಿಕೊಳ್ಳುವ ಒಪ್ಪಂದದಿಂದ ವಲಸೆಗೆ ಏನು ಹೊಡೆತ ಬೀಳುತ್ತದೆ ಅಂತ ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಅಂತ 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ತಪ್ಪೊಪ್ಪಿಕೊಂಡು ತರಗತಿ ಮುಗಿಸಿದ ಮೇಲೆ ಕೋರ್ಟ್ ಕೇಸನ್ನು ಅಳಿಸಿಹಾಕಿದರೂ ವಲಸೆ ಇಲಾಖೆ ಅದನ್ನು ಶಿಕ್ಷೆ ಅಂತಲೇ ಎಣಿಸಬಹುದು. ವೀಸಾ ಅರ್ಜಿಯಲ್ಲಿ ಎಂದಾದರೂ ಅರೆಸ್ಟ್ ಆಗಿದ್ದಿರಾ ಅಂತ ಕೇಳಿದಾಗ ಹೌದು ಅಂತಲೇ ಬರೆಯಬೇಕು. ಬೆರಳಚ್ಚು ಅವರ ಬಳಿ ಇರುತ್ತದೆ. ಮುಚ್ಚಿಟ್ಟರೆ ಡಿಯುಐಗಿಂತ ದೊಡ್ಡ ತಪ್ಪು ತಲೆಗೆ ಬರುತ್ತದೆ.

ಊರಲ್ಲಿರುವ ಮನೆಯವರಿಗೆ ಎರಡು ಮಾತು. "ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ, ಈಗಲೇ ದುಡ್ಡು ಹಾಕಿ" ಅಂತ ಯಾರಾದರೂ ಫೋನ್ ಮಾಡಿದರೆ ಹಾಕಬೇಡಿ. ಮೊದಲು ಮಗನ ರೂಮ್‌ಮೇಟಿಗೆ ಫೋನ್ ಮಾಡಿ. ಅಲ್ಲಿನ ಬಹಳಷ್ಟು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಜೈಲುಗಳಲ್ಲಿ ಯಾರಿದ್ದಾರೆ ಅಂತ ಇಂಟರ್‌ನೆಟ್‌ನಲ್ಲೇ ಹೆಸರು ಹಾಕಿ ನೋಡಬಹುದು. ಇನ್ನು ಕೇಸ್ ಮುಗಿದ ದಿನ, ಏನು ತೀರ್ಮಾನವಾಯಿತು ಅನ್ನುವ ಕೋರ್ಟಿನ ಮೊಹರಿನ ಪ್ರತಿಯನ್ನು ಎರಡು ಮೂರು ತೆಗೆಸಿಕೊಳ್ಳಲು ಮಗನಿಗೆ ಹೇಳಿ. ತರಗತಿ ಮುಗಿಸಿದ ಸರ್ಟಿಫಿಕೇಟು, ದಂಡ ಕಟ್ಟಿದ ರಸೀದಿ ಅದರ ಜೊತೆಗೇ ಇರಲಿ. ಹೈದರಾಬಾದಿನಲ್ಲೋ ಚೆನ್ನೈಯಲ್ಲೋ ವೀಸಾ ಕಿಟಕಿಯ ಮುಂದೆ ನಿಂತಾಗ ಅಧಿಕಾರಿ ಈ ಕಾಗದಗಳನ್ನೇ ಕೇಳುವುದು.