ಅಪ್ಪನ ನೆಗೆಟಿವ್, ಹಳೇ ಎನ್ಲಾರ್ಜರ್, ಒಂದು ಫ್ಲ್ಯಾಶ್: ಮನೆಯಲ್ಲೇ ಫಿಲ್ಮ್ ಸ್ಕ್ಯಾನ್ ಮಾಡಿದ ನನ್ನ ಅನುಭವ

ಕಳೆದ ಮಾರ್ಚಿನಲ್ಲಿ 20×30 ಇಂಚಿನ ಒಂದು ಪ್ರಿಂಟ್ ಹಾಕಿಸಿದೆ. 1986ರ ಸುಮಾರಿಗೆ ಅಪ್ಪ ತೆಗೆದ ಯಕ್ಷಗಾನದ ಫೋಟೋ, 35 ಎಂಎಂ ಕಲರ್ ನೆಗೆಟಿವ್. ಸ್ಕ್ಯಾನ್ ಮಾಡಿದ್ದು ಕ್ಯಾಮೆರಾದಲ್ಲೇ ನೆಗೆಟಿವಿನ ಫೋಟೋ ತೆಗೆದು, ಸಾಗರದ ನಮ್ಮ ಮನೆಯಲ್ಲಿ, ಮೊದಲು ಡಾರ್ಕ್‌ರೂಮ್ ಆಗಿದ್ದ ಅದೇ ಕೋಣೆಯಲ್ಲಿ. ಪ್ರಿಂಟ್ ನೋಡಿದ ಹಿರಿಯ ಫೋಟೋಗ್ರಾಫರ್ ಒಬ್ಬರು "ಡ್ರಮ್ ಸ್ಕ್ಯಾನ್ ಎಲ್ಲಿ ಮಾಡಿಸಿದೆ?" ಎಂದು ಕೇಳಿದರು. ಡ್ರಮ್ ಸ್ಕ್ಯಾನ್ ಎಂದರೆ ಲ್ಯಾಬುಗಳಲ್ಲಿ ಮಾಡುವ ದುಬಾರಿ, ಉತ್ತಮ ದರ್ಜೆಯ ಸ್ಕ್ಯಾನ್. ಎರಡು ವರ್ಷದ ಹಿಂದೆ "ಫೋಟೋದ ಫೋಟೋ ಹೊಡೆಯೋದಕ್ಕೆ ಸ್ಕ್ಯಾನ್ ಅಂತಾರೇನೋ ಮಾರಾಯ" ಎಂದಿದ್ದವರೂ ಇವರೇ. ಹಾಗಾಗಿ ಈಗ ಬರೆಯಬಹುದು ಅನಿಸಿತು.

ಅಪ್ಪ ಸ್ಟುಡಿಯೋ ಹಾಕಿದ್ದು 1974ರಲ್ಲಿ. ಮದುವೆ, ಶಾಲೆಯ ಗ್ರೂಪ್ ಫೋಟೋ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಜೋಗಕ್ಕೆ ಬಂದವರ ಫೋಟೋ, ರಾತ್ರಿಯ ಯಕ್ಷಗಾನದ ಆಟ. ಮೊದಲೆಲ್ಲ ಕಪ್ಪು ಬಿಳುಪು. ಊಟಿಯಲ್ಲಿ ತಯಾರಾಗುತ್ತಿದ್ದ "ಇಂದು" ಹೆಸರಿನ ಫಿಲ್ಮು, ಜರ್ಮನಿಯ ಓರ್ವೋ. ಆಮೇಲೆ ಕಲರ್. ಅಟ್ಟದ ಮೇಲೆ ಏಳು ಟ್ರಂಕು ತುಂಬ ನೆಗೆಟಿವ್ ಇತ್ತು. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಅಷ್ಟು ವರ್ಷದ ತೇವ ಅದರ ಮೇಲೆ ಕೂತಿತ್ತು. ಕೆಲವು ಕವರಿನ ಬಟರ್ ಪೇಪರ್ ಫಿಲ್ಮಿಗೇ ಅಂಟಿಕೊಂಡಿತ್ತು. ಕೆಲವದರ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು.

ಮೊದಲು ಒಂದು ಲ್ಯಾಬಿಗೆ ನಾಲ್ಕು ರೋಲ್ ಕಳಿಸಿದೆ. ಫ್ರೇಮಿಗೆ 30 ರೂಪಾಯಿ. ಬಂದ ಫೈಲುಗಳಲ್ಲಿ ಮುಖವೆಲ್ಲ ಬಿಳುಚಿಕೊಂಡು, ಕಪ್ಪು ಜಾಗವೆಲ್ಲ ಮಸಿ ಬಳಿದ ಹಾಗೆ. ನಾಲ್ಕು ಸಾವಿರದ ಹತ್ತಿರ ಹೋಯಿತು. ಇದೇ ದರದಲ್ಲಿ ಏಳು ಟ್ರಂಕಿಗೆ ಲೆಕ್ಕ ಹಾಕಿದರೆ ತೋಟದ ಒಂದು ಮೂಲೆ ಮಾರಬೇಕಾಗುತ್ತಿತ್ತು.

ಆಮೇಲೆ ಗಾಜಿನ ಮೇಲೆ ಫಿಲ್ಮ್ ಮಲಗಿಸಿ ಸ್ಕ್ಯಾನ್ ಮಾಡುವ ಸೆಕೆಂಡ್ ಹ್ಯಾಂಡ್ ಫ್ಲಾಟ್‌ಬೆಡ್ ತಂದೆ. 21 ಸಾವಿರ ಕೊಟ್ಟ ನೆನಪು. ಡಬ್ಬದ ಮೇಲೆ 6400 ಡಿಪಿಐ (ಒಂದು ಇಂಚಿಗೆ ಹಿಡಿಯುವ ಚುಕ್ಕೆಗಳ ಲೆಕ್ಕ) ಎಂದಿತ್ತು. ನಾನು ಬೇರೆ ಬೇರೆ ಸೆಟ್ಟಿಂಗಿನಲ್ಲಿ ಒಂದೇ ಫ್ರೇಮ್ ಸ್ಕ್ಯಾನ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. 1700ರಿಂದ ಆಚೆ ಫೈಲು ದಪ್ಪ ಆಗುತ್ತಿತ್ತೇ ಹೊರತು ಹೊಸದಾಗಿ ಏನೂ ಕಾಣುತ್ತಿರಲಿಲ್ಲ. ಒಂದು ರೋಲಿಗೆ ಇಡೀ ಸಂಜೆ. ಫಿಲ್ಮ್ ಬಾಗಿದೆ ಎಂದು ಮೇಲೊಂದು ಗಾಜು ಇಟ್ಟರೆ ನ್ಯೂಟನ್ ರಿಂಗ್, ಎಣ್ಣೆ ಬಿದ್ದ ನೀರಿನ ಹಾಗೆ ಬಳೆ ಬಳೆ. ಧೂಳು ತೆಗೆಯಲು ಅದರಲ್ಲಿ ಇನ್‌ಫ್ರಾರೆಡ್ ಇತ್ತು. ಆ ಬೆಳಕು ಕಲರ್ ಫಿಲ್ಮನ್ನು ದಾಟುತ್ತದೆ, ಧೂಳನ್ನು ದಾಟುವುದಿಲ್ಲ. ಹಾಗಾಗಿ ಕಲರ್ ಫಿಲ್ಮಿಗೆ ಒಳ್ಳೆಯದೇ. ಕಪ್ಪು ಬಿಳುಪಿಗೆ ಪ್ರಯೋಜನವಿಲ್ಲ, ಅದರ ಚಿತ್ರದಲ್ಲಿರುವ ಬೆಳ್ಳಿ ಆ ಬೆಳಕನ್ನೂ ತಡೆಯುತ್ತದೆ. ಫೋಟೋ ಪೂರ್ತಿ ಧೂಳು ಎಂದೇ ಅದು ತಿಳಿದುಕೊಳ್ಳುತ್ತದೆ. ಎಂಟು ತಿಂಗಳ ನಂತರ 12 ಸಾವಿರಕ್ಕೆ ಮಾರಿದೆ.

ಈ ನಡುವೆ ನನ್ನಿಂದ ಒಂದು ತಪ್ಪಾಯಿತು. ಬೂಷ್ಟು ಹಿಡಿದ ಒಂದು ಸ್ಟ್ರಿಪ್ ಇತ್ತು, ಆರು ಫ್ರೇಮ್. ಅದರಲ್ಲಿ ಎರಡರಲ್ಲಿ ನಮ್ಮ ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಪ್ರಿಂಟ್ ಯಾವುದೂ ಉಳಿದಿರಲಿಲ್ಲ. ಡೆವಲಪ್ ಮಾಡುವಾಗ ನೀರಿನಲ್ಲೇ ತೊಳೆಯುತ್ತೇವಲ್ಲ, ಈಗ ಯಾಕಾಗಬಾರದು ಎಂದು ಉಗುರು ಬೆಚ್ಚಗಿನ ನೀರಿಗೆ ಹಾಕಿದೆ. ಎರಡು ನಿಮಿಷ ಆಗಿರಲಿಲ್ಲ. ಎಮಲ್ಷನ್, ಅಂದರೆ ಚಿತ್ರ ಇರುವ ಜೆಲಾಟಿನ್ ಪದರ, ಹಾಲಿನ ಕೆನೆಯ ಹಾಗೆ ಜಾರಿ ಹೋಯಿತು. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗುತ್ತದೆ ಎಂದು ಆಮೇಲೆ ತಿಳಿಯಿತು. ಕೈಯಲ್ಲಿ ಬರೀ ಪಾರದರ್ಶಕ ಪಟ್ಟಿ. ಅಪ್ಪನಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಅವರು ಬೈಯಲಿಲ್ಲ. "ಉಳಿದದ್ದನ್ನ ಬೇಗ ಮಾಡು ತಮ್ಮ" ಎಂದರು, ಅಷ್ಟೇ. ದಯವಿಟ್ಟು ಬೂಷ್ಟು ಹಿಡಿದದ್ದನ್ನು ನೀರಿಗೆ ಹಾಕಬೇಡಿ. ಮೊದಲು ಹೇಗಿದೆಯೋ ಹಾಗೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆಮೇಲೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ, ಹೊಳೆಯುವ ಬದಿಯಿಂದ ಶುರು ಮಾಡಿ, ಒತ್ತದೆ ಒರೆಸಿ.

ಕ್ಯಾಮೆರಾದಲ್ಲಿ ತೆಗೆಯೋಣ ಎಂದು ಹೊರಟಾಗ ನನ್ನ ಹತ್ತಿರ ಮದುವೆಗೆ ಬಳಸುವ 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ (35 ಎಂಎಂ ಫ್ರೇಮಿಗಿಂತ ಸಣ್ಣ ಸೆನ್ಸರ್) ಬಾಡಿ ಇತ್ತು. 35 ಎಂಎಂ ಫ್ರೇಮ್ ಸೆನ್ಸರ್ ತುಂಬ ಬಂದರೆ ಸುಮಾರು 4200 ಡಿಪಿಐ ಆಗುತ್ತದೆ. ಫಿಲ್ಮಿನ ಗ್ರೇನ್, ಅಂದರೆ ಚಿತ್ರದ ಸಣ್ಣ ಕಣಗಳನ್ನು, ಹಿಡಿಯಲು ಅಷ್ಟು ಸಾಕು. ಮೈಕ್ರೋ ನಿಕ್ಕೋರ್ 55 ಎಂಎಂ, ತೀರ ಹತ್ತಿರದ್ದನ್ನು ತೆಗೆಯುವ ಹಳೇ ಮ್ಯಾನುಯಲ್ ಮ್ಯಾಕ್ರೋ ಲೆನ್ಸ್, 7500ಕ್ಕೆ ಸಿಕ್ಕಿತು. ಅದು ಒಂದಕ್ಕೆ ಅರ್ಧ ಮಾತ್ರ ಹೋಗುತ್ತದೆ, ಅಂದರೆ ಫ್ರೇಮಿನ ಚಿತ್ರ ಸೆನ್ಸರ್ ಮೇಲೆ ಅರ್ಧ ಅಳತೆಗೆ ಬೀಳುತ್ತದೆ. ಹಾಗೇ ಬಳಸಿದರೆ ಸುತ್ತ ಜಾಗ ಉಳಿದು 14 ಮೆಗಾಪಿಕ್ಸೆಲ್ ಅಷ್ಟೇ ಸಿಗುತ್ತದೆ. 600 ರೂಪಾಯಿಯ ಒಂದು ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದರೆ ಸರಿ.

ಸ್ಟ್ಯಾಂಡಿಗೆ ದುಡ್ಡು ಹಾಕಲಿಲ್ಲ. ನೆಗೆಟಿವನ್ನು ದೊಡ್ಡದು ಮಾಡಿ ಕಾಗದಕ್ಕೆ ಪ್ರಿಂಟ್ ಹಾಕುವ ಅಪ್ಪನ ಎನ್ಲಾರ್ಜರಿನ ತಲೆ ಬಿಚ್ಚಿಟ್ಟು, ಆ ಕಂಬಕ್ಕೆ ಲೇತ್ ಅಂಗಡಿಯಲ್ಲಿ ಒಂದು ಪಟ್ಟಿ ಮಾಡಿಸಿ ಕ್ಯಾಮೆರಾ ಕೆಳಮುಖ ಕೂರಿಸಿದೆ. ಮೇಲೆ ಕೆಳಗೆ ಹೋಗುವ ಹಿಡಿ ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಫಿಲ್ಮ್ ಹಿಡಿದಿಡುವ ಚೌಕಟ್ಟು, ನೆಗೆಟಿವ್ ಕ್ಯಾರಿಯರ್ ಕೂಡ ಅದರದ್ದೇ, ಗಾಜಿಲ್ಲದ್ದು. ನಿಮ್ಮ ಮನೆಯಲ್ಲಿ ಎನ್ಲಾರ್ಜರ್ ಇದ್ದರೆ ಗುಜರಿಗೆ ಕೊಡಬೇಡಿ.

ಬೆಳಕಿಗೆ ಮೊದಲು ತಂದದ್ದು 900 ರೂಪಾಯಿಯ ಎಲ್‌ಇಡಿ ಟ್ರೇಸಿಂಗ್ ಪ್ಯಾಡ್. ಫಿಲ್ಮನ್ನು ಪ್ಯಾಡಿನ ಮೇಲೇ ಮಲಗಿಸಿದ್ದು ತಪ್ಪು, ಪ್ಯಾಡಿನ ಚುಕ್ಕೆಗಳೂ ಫೋಟೋದಲ್ಲಿ ಬಂದವು. ಎತ್ತರಿಸಿದ ಮೇಲೆ ಅದು ಹೋಯಿತು. ಆದರೆ ಬಣ್ಣ ಸತ್ತಂತಿತ್ತು. ಶಟರ್ ವೇಗ ಜಾಸ್ತಿ ಮಾಡಿದರೆ ಅಡ್ಡ ಪಟ್ಟೆ ಬೀಳುತ್ತಿತ್ತು. ಕಡಿಮೆ ಮಾಡಿ ಸೆಕೆಂಡಿನ ಎಂಟನೇ ಒಂದಕ್ಕೆ ಇಟ್ಟರೆ ಅಲುಗಾಟ. ನಮ್ಮ ಮನೆ ಬಿ.ಎಚ್. ರಸ್ತೆಗೆ ಹತ್ತಿರ. ಲಾರಿ ಹೋದರೆ ಕಿಟಕಿಯ ಸರಳು ಝುಂಯ್ ಅನ್ನುತ್ತದೆ. ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ನೋಡಿದರೆ ಗ್ರೇನ್ ಕುಣಿಯುವುದು ಕಾಣುತ್ತಿತ್ತು. ಎರಡು ತಿಂಗಳು ರಾತ್ರಿ ಹನ್ನೊಂದರ ಮೇಲೆ ಕೂತು ಕೆಲಸ ಮಾಡಿದೆ. ಹತ್ತರಲ್ಲಿ ಮೂರು ಫ್ರೇಮ್ ಆಗಲೂ ಮಸುಕಾಗೇ ಬರುತ್ತಿದ್ದವು. ಬೆಂಗಳೂರಿನ ಭಾವ "ಬಿಟ್ಹಾಕು, ಒಳ್ಳೆ ಸ್ಕ್ಯಾನರ್ ತಗೋ, ಒಂದೂವರೆ ಲಕ್ಷ ಆದರೆ ಆಗಲಿ" ಎಂದರು.

ದಾರಿ ತೋರಿಸಿದ್ದು ಮೂಲೆಯಲ್ಲಿ ಬಿದ್ದಿದ್ದ ಹಳೇ ಫ್ಲ್ಯಾಶ್. ಪವರ್ ಕಡಿಮೆ ಇಟ್ಟರೆ ಅದು ಬೆಳಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಯಾವ ಲಾರಿ ಅಲುಗಿಸಲು ಸಾಧ್ಯ? ಕ್ಸೆನಾನ್ ಬೆಳಕಾದ್ದರಿಂದ ಬಣ್ಣವೂ ಪೂರ್ತಿ. ಬಡಗಿಯಿಂದ ಒಂದು ಮರದ ಪೆಟ್ಟಿಗೆ ಮಾಡಿಸಿ ಒಳಗೆಲ್ಲ ಬಿಳಿ ಬಳಿದೆ. ಫ್ಲ್ಯಾಶ್ ಪಕ್ಕದಿಂದ ಒಳಗೆ ತೂರಿ ಹಿಂದಿನ ಗೋಡೆಗೆ ಹೊಡೆಯುತ್ತದೆ, ನೇರ ಮೇಲಕ್ಕಲ್ಲ. ಮೇಲೆ 3 ಎಂಎಂ ಹಾಲುಬಣ್ಣದ ಅಕ್ರಿಲಿಕ್ ಶೀಟು. ಬೋರ್ಡ್ ಮಾಡುವವರ ಅಂಗಡಿಯಲ್ಲಿ ತುಂಡು ಸಿಗುತ್ತದೆ, ನೂರೈವತ್ತು ಕೊಟ್ಟೆ. ಅದರಿಂದ ಒಂದೂವರೆ ಇಂಚು ಮೇಲೆ ಕ್ಯಾರಿಯರ್. ಫ್ಲ್ಯಾಶಿಗೂ ಶೀಟಿಗೂ ಮಧ್ಯೆ ಇನ್ನೊಂದು ಪದರ ಇಟ್ಟಿದ್ದೇನೆ. ಮೂಲೆಯಿಂದ ಮೂಲೆಗೆ ಬೆಳಕು ಸಮ ಬರಲು ಅದೇ ಕಾರಣ. ಅದು ಏನು ಎಂದು ಬರೆಯುವುದಿಲ್ಲ, ಹುಡುಕಲು ನನಗೆ ಮೂರು ವಾರ ಹಿಡಿದಿದೆ. ಅದಿಲ್ಲದೆಯೂ ಆಗುತ್ತದೆ. ಖಾಲಿ ಪೆಟ್ಟಿಗೆಯ ಒಂದು ಫೋಟೋ ತೆಗೆದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಸರಿಮಾಡಬಹುದು.

ಐಎಸ್‌ಒ 100, ಎಫ್ 8, 1/160, ಫ್ಲ್ಯಾಶ್ 1/16 ಪವರ್. ಕಲರ್ ರೋಲಿನಲ್ಲಿ ಈ ಪವರ್ ಬದಲಿಸುವುದಿಲ್ಲ, ಪವರ್ ಬದಲಾದರೆ ಬಣ್ಣವೂ ಸ್ವಲ್ಪ ಬದಲಾಗುತ್ತದೆ. ಬೆಳಕು ಕಡಿಮೆ ಹಾಯುವ ದಟ್ಟ ಕಪ್ಪು ಬಿಳುಪು ನೆಗೆಟಿವ್ ಆದರೆ 1/8. ಲೆನ್ಸಿನ ಕಿಂಡಿ ಸಣ್ಣದು ಮಾಡಿ ಎಫ್ 16ಕ್ಕೆ ಹೋದರೆ ಫೋಕಸ್ ಸುಲಭ ಅನಿಸುತ್ತದೆ, ಆದರೆ ಗ್ರೇನ್ ಕರಗಿಹೋಗುತ್ತದೆ. ಫೋಕಸ್ ಮಾಡಲು ಪೆಟ್ಟಿಗೆಯೊಳಗೆ ಒಂದು ಸಣ್ಣ ಎಲ್‌ಇಡಿ ಇದೆ, ಕ್ಲಿಕ್ ಮಾಡುವಾಗ ಆರಿಸುತ್ತೇನೆ. ಕ್ಯಾರಿಯರಿನ ಸುತ್ತ ಕಪ್ಪು ಕಾಗದ ಹಾಕಲೇಬೇಕು. ಪಕ್ಕದಿಂದ ನುಗ್ಗುವ ಬೆಳಕು ಲೆನ್ಸಿಗೆ ಹೋದರೆ ನೆಗೆಟಿವಿನ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ.

ಕ್ಯಾಮೆರಾ ನೇರ ಇದೆಯೋ ಎಂದು ನೋಡಲು ಸ್ಪಿರಿಟ್ ಲೆವೆಲ್ ನಂಬಿ ಕೆಟ್ಟೆ. ಕ್ಯಾರಿಯರ್ ಮೇಲೆ ಒಂದು ಕನ್ನಡಿ ಚೂರು ಇಡಿ. ಲೈವ್ ವ್ಯೂನಲ್ಲಿ ಲೆನ್ಸಿಗೆ ತನ್ನದೇ ಮುಖ ಕಾಣಬೇಕು, ಸರಿಯಾಗಿ ನಡುವೆ. ಆ ದಿನದಿಂದ ನಾಲ್ಕೂ ಮೂಲೆಯಲ್ಲಿ ಗ್ರೇನ್ ಕಾಣಿಸಿತು. ನಾನು ಪ್ರತಿ ಸ್ಟ್ರಿಪ್ಪಿಗೂ ಮೂಲೆ ನೋಡುತ್ತೇನೆ. ಬಾಗಿದ ಫಿಲ್ಮನ್ನು ಎಂಟು ದಿನ ದಪ್ಪ ಪುಸ್ತಕದ ಕೆಳಗೆ ಇಟ್ಟರೆ ಮುಕ್ಕಾಲು ಪಾಲು ದಾರಿಗೆ ಬರುತ್ತದೆ.

ಇನ್ನು ಧೂಳು. ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆರಿಸಿ, ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಫೆಬ್ರವರಿ ಮಾರ್ಚಿನ ಒಣ ಗಾಳಿಯಲ್ಲಿ ಫಿಲ್ಮ್ ಧೂಳನ್ನು ಎಳೆದುಕೊಳ್ಳುತ್ತದೆ. ಜೂನಿನ ಮೊದಲ ಮಳೆ ಬಿದ್ದ ಮೇಲೆ ನಾನು ಮಾಡಿದ ರೋಲುಗಳೇ ಎಲ್ಲಕ್ಕಿಂತ ಸ್ವಚ್ಛ. ಬೂಷ್ಟು ತರುವ ಮಳೆಯೇ ಸ್ಕ್ಯಾನಿಗೆ ಒಳ್ಳೆಯದು! ಕೆಲಸ ಮುಗಿದ ಕೂಡಲೇ ನೆಗೆಟಿವ್ ಸಿಲಿಕಾ ಜೆಲ್ ಇರುವ ಡಬ್ಬಕ್ಕೆ ಹಾಕುತ್ತೇನೆ. ಇನ್ನೊಂದು ವಿಷಯ, ಹಾಲುಶೀಟಿನ ಚದುರಿದ ಬೆಳಕಿನಲ್ಲಿ ಸಣ್ಣ ಗೀರುಗಳು ಅಷ್ಟಾಗಿ ಕಾಣುವುದಿಲ್ಲ. ಬೆಳಕನ್ನು ಚದುರಿಸದೆ ನೇರ ಹಾಯಿಸುವ ಕಂಡೆನ್ಸರ್ ಎನ್ಲಾರ್ಜರಿನಲ್ಲಿ ಪ್ರಿಂಟ್ ಹಾಕಿದವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ.

ಬಣ್ಣಕ್ಕೆ ನಾನು ಬಳಸುವುದು ಡಾರ್ಕ್‌ಟೇಬಲ್, ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಅದರ ನೆಗಡಾಕ್ಟರ್ ಮಾಡ್ಯೂಲಿನಲ್ಲಿ ಎರಡು ಫ್ರೇಮಿನ ನಡುವಿನ ಕಿತ್ತಳೆ ಪಟ್ಟಿಯಿಂದ ಫಿಲ್ಮ್ ಬೇಸ್ (ಚಿತ್ರವಿಲ್ಲದ ಖಾಲಿ ಫಿಲ್ಮಿನ ಬಣ್ಣ) ತೆಗೆದುಕೊಂಡು, ರೋಲಿನ ಎಲ್ಲ ಫ್ರೇಮಿಗೂ ಅದನ್ನೇ ಹಾಕುತ್ತೇನೆ. ಒಂದೊಂದು ಫ್ರೇಮನ್ನು ಬೇರೆ ಬೇರೆ ತಿದ್ದಲು ಹೋದರೆ ಒಂದೇ ಮದುವೆಯಲ್ಲಿ ಹತ್ತು ಬಣ್ಣದ ಸೀರೆ ಆಗುತ್ತದೆ. ನನ್ನ ಪರೀಕ್ಷೆ ಯಕ್ಷಗಾನದ ರೋಲು. ಮುಖದ ಬಣ್ಣ, ಕಿರೀಟದ ಚಿನ್ನ, ಕೆಂಪು, ಕಪ್ಪು, ಎಲ್ಲ ಒಂದೇ ಫ್ರೇಮಿನಲ್ಲಿ ಇರುತ್ತದೆ. ಎಲ್‌ಇಡಿ ಪ್ಯಾಡಿನ ಸ್ಕ್ಯಾನ್ ತೋರಿಸಿದಾಗ ಅಪ್ಪ "ಇದು ಇಟ್ಟಿಗೆ ಬಣ್ಣ, ಆ ವೇಷದ ಕೆಂಪು ಹೀಗಿರಲಿಲ್ಲ" ಎಂದಿದ್ದರು. ಫ್ಲ್ಯಾಶಿನದ್ದನ್ನು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಹ್ಞೂಂ, ಇದು. ಅವತ್ತು ಮುಂದಿನ ಸಾಲಲ್ಲಿ ಕೂತಿದ್ದೆ" ಎಂದರು. ಬಣ್ಣ ಮಾಸಿದ ರೋಲುಗಳಿಗೆ ಮೂರು ಚಾನೆಲ್ಲಿಗೂ ಬೇರೆ ಬೇರೆ ಕರ್ವ್ ಬೇಕಾಗುತ್ತದೆ. ಯಾವುದನ್ನು ಮೊದಲು ಹಿಡಿಯಬೇಕು ಎನ್ನುವ ನನ್ನ ಕ್ರಮವನ್ನು ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ, ಅದರಿಂದ ಈಗ ನಾಲ್ಕು ಕಾಸು ಬರುತ್ತಿದೆ.

ಸುಮ್ನೆ ಕುತೂಹಲಕ್ಕೆ ಬೇರೆಯವನ್ನೂ ಮಾಡಿ ನೋಡಿದೆ. ಎನ್ಲಾರ್ಜರಿನ 50 ಎಂಎಂ ಲೆನ್ಸನ್ನೇ ತಿರುಗಿಸಿ ಟ್ಯೂಬಿಗೆ ಹಾಕಿದೆ. ನಡುಭಾಗ ಮ್ಯಾಕ್ರೋ ಲೆನ್ಸಿಗೆ ಸಮ, ಮೂಲೆ ಸ್ವಲ್ಪ ಹಿಂದೆ. ಲೆನ್ಸಿಗೆ ದುಡ್ಡಿಲ್ಲದವರು ಧೈರ್ಯವಾಗಿ ಇದರಿಂದ ಶುರು ಮಾಡಬಹುದು. ಆರ್‌ಜಿಬಿ ಲೈಟ್ ಇಟ್ಟು ಕೆಂಪು, ಹಸಿರು, ನೀಲಿ ಮೂರು ಬಾರಿ ಬೇರೆ ಬೇರೆ ತೆಗೆದು ಜೋಡಿಸಿದೆ. ಪೂರ್ತಿ ಮಾಸಿದ ಒಂದು ಮದುವೆ ರೋಲಿನಲ್ಲಿ ಅರಿಶಿನದ ಬಣ್ಣ ಎದ್ದು ಬಂದದ್ದು ಈ ವಿಧಾನದಲ್ಲಿ ಮಾತ್ರ. ಆದರೆ ಒಂದು ಫ್ರೇಮಿಗೆ ಹತ್ತು ನಿಮಿಷ. ಇಪ್ಪತ್ತು ಫ್ರೇಮಿಗೆ ನಿಲ್ಲಿಸಿದೆ, ಮುಂದೆ ಮತ್ತೆ ಹಿಡಿಯುವ ಆಸೆ ಇದೆ. ಮೊಬೈಲಿನಲ್ಲಿ ತೆಗೆದದ್ದು ಯಾವ ಟ್ರಂಕಿನಲ್ಲಿ ಏನಿದೆ ಎಂದು ಪಟ್ಟಿ ಮಾಡಲು ಚೆನ್ನಾಗಿ ಒದಗಿತು.

ಒಟ್ಟು ಖರ್ಚು ಕೇಳುವವರಿಗೆ: ಲೆನ್ಸ್, ಟ್ಯೂಬ್, ಪೆಟ್ಟಿಗೆ, ಅಕ್ರಿಲಿಕ್, ಲೇತ್ ಕೆಲಸ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು. ಕ್ಯಾಮೆರಾ, ಫ್ಲ್ಯಾಶ್, ಟ್ರಿಗರ್ ಹೇಗೂ ಇದ್ದವು. ಅದಕ್ಕೆ ಮೊದಲು ಲ್ಯಾಬಿಗೆ, ಫ್ಲಾಟ್‌ಬೆಡ್ಡಿಗೆ, ಪ್ಯಾಡಿಗೆ ಕಳೆದದ್ದು ಸುಮಾರು 14 ಸಾವಿರ. ಈಗ 36ರ ಒಂದು ರೋಲ್ 12 ನಿಮಿಷಕ್ಕೆ ಮುಗಿಯುತ್ತದೆ. ಇದುವರೆಗೆ ಒಂಬತ್ತು ಸಾವಿರ ಫ್ರೇಮ್ ಆಗಿರಬೇಕು. ಊರಿನ ಏಳೆಂಟು ಮನೆಯವರು ತಮ್ಮ ನೆಗೆಟಿವ್ ತಂದುಕೊಟ್ಟು ಮಾಡಿಸಿಕೊಂಡು ಹೋದರು. ಲೆನ್ಸಿನ ದುಡ್ಡು ಆಗಲೇ ವಾಪಸ್ ಬಂದಿದೆ.

ಉಳಿದಿರುವುದು ಅಪ್ಪನ ಯಾಶಿಕಾ ಕ್ಯಾಮೆರಾದಲ್ಲಿ ತೆಗೆದ, 120 ಎಂಬ ಅಗಲ ಅಳತೆಯ ಫಿಲ್ಮುಗಳ ಒಂದು ಟ್ರಂಕು. ಆರಕ್ಕೆ ಆರು ಸೆಂಟಿಮೀಟರ್. ಮೊದಲ ರೋಲನ್ನು ಒಂದು ಫ್ರೇಮಿಗೆ ಆರು ತುಂಡಾಗಿ ತೆಗೆದು ಜೋಡಿಸಿದ್ದೇನೆ. ಜೋಡಣೆ ಚೆನ್ನಾಗಿ ಬಂದಿದೆ, ಆದರೆ ಫಿಲ್ಮ್ ಅಗಲವಾದ್ದರಿಂದ ನಡುವೆ ಹೊಟ್ಟೆ ಬಿಡುತ್ತದೆ. ನ್ಯೂಟನ್ ರಿಂಗ್ ಬಾರದಂಥ ಗಾಜು ಬೇಕು. ಅಪ್ಪನ ಎನ್ಲಾರ್ಜರಿನ ದೊಡ್ಡ ಕ್ಯಾರಿಯರಿನಲ್ಲಿ ಅಂಥದ್ದೊಂದು ಇತ್ತಂತೆ. ಅಟ್ಟದಲ್ಲಿ ಹುಡುಕುತ್ತಿದ್ದೇನೆ.