ನನ್ನ ಅನುಭವ: 40ಕ್ಕೆ 40 ಕೊಟ್ಟು ಹೋದವನು

ಆ ಯುವಕ ಆರು ಭೇಟಿಗಳಲ್ಲೂ ನನಗೆ 40ಕ್ಕೆ 40 ಕೊಟ್ಟ. ಏಳನೆಯದಕ್ಕೆ ಬರಲೇ ಇಲ್ಲ.

ನಾನು ಆಪ್ತ ಸಮಾಲೋಚಕಿ. ಅಂಕ ಕೊಡಿಸುವುದು ಸೆಷನ್ ರೇಟಿಂಗ್ ಸ್ಕೇಲ್ ಎಂಬ ಹಾಳೆಯಲ್ಲಿ. ಹತ್ತು ಸೆಂಟಿಮೀಟರಿನ ನಾಲ್ಕು ಗೆರೆಗಳು: ನನ್ನ ಮಾತಿಗೆ ಕಿವಿಗೊಟ್ಟರೇ, ನನಗೆ ಬೇಕಾದ ವಿಷಯವನ್ನೇ ಮಾತನಾಡಿದೆವೇ, ಇವರ ವಿಧಾನ ನನಗೆ ಒಗ್ಗುತ್ತದೆಯೇ, ಒಟ್ಟಾರೆ ಇಂದಿನ ಭೇಟಿ ಹೇಗಿತ್ತು. ಬಂದವರು ಪ್ರತಿ ಗೆರೆಯ ಮೇಲೆ ಗುರುತು ಹಾಕುತ್ತಾರೆ, ನಾನು ಅಳೆದು ಕೂಡಿಸುತ್ತೇನೆ. ಮೊತ್ತ 36ಕ್ಕಿಂತ ಕೆಳಗಿದ್ದರೆ ಅವರು ಏಳುವ ಮೊದಲೇ ಕಾರಣ ಕೇಳಬೇಕು. ಚಿಕಿತ್ಸೆಯ ಸಂಬಂಧವನ್ನು ಗುರಿ, ಕೆಲಸ, ನಂಟು ಎಂದು ಮೂರು ಎಳೆಗಳಾಗಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬಿಡಿಸಿಟ್ಟರು. ಹಾಳೆಯ ಬೇರು ಅಲ್ಲಿದೆ. ಇದೇ ಸಂಬಂಧವನ್ನು ಅಳೆಯುವ ಇನ್ನೊಂದು ಪ್ರಶ್ನಾವಳಿ, 1989ರ ವರ್ಕಿಂಗ್ ಅಲಯನ್ಸ್ ಇನ್ವೆಂಟರಿಯಲ್ಲಿ 36 ಹೇಳಿಕೆಗಳಿವೆ. ಅತ್ತು ಸುಸ್ತಾದವರ ಮುಂದೆ ಅಷ್ಟುದ್ದದ ಪಟ್ಟಿ ಇಡಲು ನನಗೆ ಮನಸ್ಸು ಬರುವುದಿಲ್ಲ.

ತೊಂದರೆ ಇದ್ದದ್ದು ಹಾಳೆಯಲ್ಲಲ್ಲ. ಬೀಗರ ಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದರೆ ಸಾರಿಗೆ ಉಪ್ಪು ಕಡಿಮೆ ಎನ್ನುವವರುಂಟೇ? ಎದುರಿಗೇ ಕುಳಿತು, ಮುಖ ನೋಡುತ್ತಾ ನಾನು ಹಾಳೆ ಚಾಚುತ್ತಿದ್ದೆ. ‘ಸಂಕೋಚವಿಲ್ಲದೆ ಕಡಿಮೆ ಅಂಕ ಕೊಡಿ’ ಎಂದೂ ಹೇಳಿ ನೋಡಿದೆ. ಕೆಲವರು ತಮ್ಮಿಂದೇನೋ ತಪ್ಪಾಯಿತೆಂದು ಗಾಬರಿಯಾದರು. ಈಗ ಹಾಳೆ ಕೊಟ್ಟು ಕಿಟಕಿಯ ಕಡೆ ಹೋಗಿ ಮುಂದಿನ ಭೇಟಿಯ ದಿನ ಬರೆದುಕೊಳ್ಳುತ್ತೇನೆ. ಆಮೇಲೆ ಒಂದೇ ಪ್ರಶ್ನೆ: ‘ನಾನು ಇವತ್ತು ಆಡಿದ ಮಾತುಗಳಲ್ಲಿ ಯಾವುದು ಮನೆಗೆ ಹೋಗುವ ದಾರಿಯಲ್ಲಿ ಕಿರಿಕಿರಿ ಮಾಡಬಹುದು?’

ಒಬ್ಬ ಗೃಹಿಣಿಯ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮೂರು ಗೆರೆಗಳು ಒಂಬತ್ತರ ಮೇಲಿದ್ದವು, ವಿಧಾನದ ಗೆರೆ ಮಾತ್ರ 6.2. ದಿನವೂ ಮನಸ್ಸಿಗೆ ಬಂದದ್ದನ್ನು ಬರೆದಿಡಿ ಎಂದಿದ್ದೆ. ‘ಬರೆದದ್ದನ್ನು ಇಡುವುದೆಲ್ಲಿ ಮೇಡಂ? ನಮ್ಮ ಮನೆಯಲ್ಲಿ ನನ್ನದು ಅಂತ ಒಂದು ಡ್ರಾಯರ್ ಇಲ್ಲ’ ಎಂದರು. ಉಪಾಯ ಹೊಳೆದದ್ದೂ ಅವರಿಗೇ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಚುಕ್ಕಿ ಇಡತೊಡಗಿದರು: ಒಂದು ಎಂದರೆ ಪರವಾಗಿಲ್ಲ, ಮೂರು ಎಂದರೆ ಎದೆ ಬಿಗಿದ ದಿನ. ಮುಂದಿನ ವಾರ ವಿಧಾನದ ಗೆರೆ ಒಂಬತ್ತು ದಾಟಿತು, ಮೊದಲ ಗೆರೆ ಎಂಟಕ್ಕೆ ಇಳಿಯಿತು. ಅವರ ಮಾತಿನ ನಡುವೆ ನಾನು ಬಾಯಿ ಹಾಕಿದ್ದೆನಂತೆ. ಆ ಎಂಟನ್ನು ಕಂಡು ನನಗೆ ಖುಷಿಯೇ ಆಯಿತು.

ಬಂದವರ ಹಾಳೆ ನೋಡುವ ಮೊದಲು ನನ್ನ ಅಂದಾಜನ್ನೂ ಬರೆದಿಡುತ್ತೇನೆ. ಫಲಿತಾಂಶವನ್ನು ಚಿಕಿತ್ಸಕರ ಅಂದಾಜಿಗಿಂತ ಬಂದವರ ಅಂಕವೇ ಚೆನ್ನಾಗಿ ಸೂಚಿಸುತ್ತದೆ ಎಂದು ಕೆಲವು ಸಂಶೋಧನೆಗಳು ಹೇಳುತ್ತವೆ. 295 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಚಿಕಿತ್ಸೆಯ ಸಂಬಂಧಕ್ಕೂ ಫಲಿತಾಂಶಕ್ಕೂ ಇರುವ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು) ಸುಮಾರು 0.28. ದೊಡ್ಡ ಸಂಖ್ಯೆಯೇನಲ್ಲ, ಕಡೆಗಣಿಸುವಷ್ಟು ಚಿಕ್ಕದೂ ಅಲ್ಲ. ಆ ಯುವಕನ ವಿಷಯದಲ್ಲಿ ನನ್ನ ಅಂದಾಜು 38 ಆಗಿತ್ತು.

ಅವನ ಹಾಳೆಗಳನ್ನು ಮೊನ್ನೆ ಮತ್ತೆ ತೆಗೆದು ನೋಡಿದೆ. ಮೊದಲನೆಯದರಲ್ಲಿ ನಾಲ್ಕು ಪುಟ್ಟ ಗುರುತುಗಳಿವೆ. ಆರನೆಯದರಲ್ಲಿ ನಾಲ್ಕೂ ಗೆರೆಗಳ ಬಲತುದಿಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತದಲ್ಲಿ ಕಡಿದಿದ್ದಾನೆ. ಅದನ್ನೂ ನಾನು ಸ್ಕೇಲು ಹಿಡಿದು ಅಳೆದಿದ್ದೆ.