ಮನೆಮಾತಿನ ಕಲಿಕೆಯ ಬಗ್ಗೆ ಮಕ್ಕಳ ಮನಸ್ಸನ್ನು ಅರಿಯುವ ಬಗೆ

2009ರ ಶಿಕ್ಷಣ ಹಕ್ಕು ಕಾಯ್ದೆಯು ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧಿಸಬೇಕೆಂದು ಹೇಳುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರವು ಮಾತೃಭಾಷಾ ಮಾಧ್ಯಮವನ್ನು ಒತ್ತಾಯದಿಂದ ಹೇರುವಂತಿಲ್ಲವೆಂದು ತೀರ್ಪಿತ್ತಿತು. ಇಷ್ಟೆಲ್ಲ ವಾದದ ನಡುವೆ ಬೆಂಚಿನ ಮೇಲೆ ಕುಳಿತ ಮಗುವಿನ ಅನಿಸಿಕೆಯನ್ನು ಕೇಳಿದವರು ವಿರಳ. ಪ್ರಾಥಮಿಕ ಶಾಲೆಯ ಶಿಕ್ಷಕರು ಅದನ್ನು ಕೇಳಲೇಬೇಕೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಮಗುವಿನ ಮನೆಮಾತು ಯಾವುದೆಂದು ಖಚಿತಪಡಿಸಿಕೊಳ್ಳಿ. ದಾಖಲಾತಿ ಪುಸ್ತಕದಲ್ಲಿ ‘ಕನ್ನಡ’ ಎಂದಿದ್ದರೂ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಲಂಬಾಣಿ ಅಥವಾ ಉರ್ದು ಇರಬಹುದು. ಅಜ್ಜಿಯೊಡನೆ ಯಾವ ಮಾತು, ಜಗಳವಾಡುವಾಗ ಯಾವ ಮಾತು ಎಂದು ವಿಚಾರಿಸಿದರೆ ನಿಜ ತಿಳಿಯುತ್ತದೆ.

‘ನಿಮಗೆ ಕನ್ನಡ ಇಷ್ಟವೇ?’ ಎಂದು ತರಗತಿಗೆ ನೇರವಾಗಿ ಕೇಳಬೇಡಿ. ‘ಹೌದು ಟೀಚರ್’ ಎಂಬ ಒಕ್ಕೊರಲ ಉತ್ತರ ಬರುತ್ತದೆಯೇ ಹೊರತು ಮನಸ್ಸು ತೆರೆಯುವುದಿಲ್ಲ. ಅದರ ಬದಲು ನಗುವ, ಸುಮ್ಮನಿರುವ, ಅಳುವ ಮೂರು ಮುಖಗಳನ್ನು ಬರೆದ ಚೀಟಿ ಕೊಟ್ಟು, ಹೆಸರು ಬರೆಸದೆ, ಒಂದೊಂದು ಸಂದರ್ಭಕ್ಕೂ ಒಂದು ಮುಖಕ್ಕೆ ಗುರುತು ಹಾಕಿಸಿ: ಲೆಕ್ಕವನ್ನು ಮನೆಮಾತಿನಲ್ಲಿ ವಿವರಿಸಿದಾಗ, ಎಲ್ಲರೆದುರು ಮನೆಮಾತು ಬಾಯಿಗೆ ಬಂದಾಗ, ಪಾಠ ಇಂಗ್ಲಿಷಿನಲ್ಲಿ ನಡೆದಾಗ. ಪ್ರಶ್ನೆಗಳನ್ನು ಬೇರೆ ತರಗತಿಯ ಶಿಕ್ಷಕರು, ಸಾಧ್ಯವಾದರೆ ಆ ಮನೆಮಾತು ಬಲ್ಲವರು, ಕೇಳುವುದು ಲೇಸು.

ಉತ್ತರಗಳನ್ನು ಓದುವಾಗ ಇನ್ನಷ್ಟು ಎಚ್ಚರ ಬೇಕು. ಅರ್ಥವಾಗುವ ಸುಲಭತೆ, ಪ್ರೀತಿ, ನಾಚಿಕೆ ಮತ್ತು ಮುಂದಿನ ಬದುಕಿನ ಆಸೆ ಇವು ಬೇರೆ ಬೇರೆ. ‘ನನಗೆ ಇಂಗ್ಲಿಷ್ ಬೇಕು’ ಎನ್ನುವ ಮಗು ತನ್ನ ಮನೆಮಾತನ್ನು ಒಲ್ಲೆನೆನ್ನುತ್ತಿದೆ ಎಂದು ತಿಳಿಯುವುದು ದೊಡ್ಡ ತಪ್ಪು. ಎಷ್ಟೋ ಸಲ ಅದು ಅಪ್ಪ ಅಮ್ಮನ ಮಾತನ್ನೇ ಒಪ್ಪಿಸುತ್ತಿರುತ್ತದೆ.

ಚೀಟಿಯಷ್ಟೇ ಮುಖ್ಯವಾದದ್ದು ಕಿವಿಗೊಟ್ಟು ಕೇಳುವುದು. ಮನೆಯ ಚಿತ್ರ ತೋರಿಸಿ ‘ಇದೇನು?’ ಎಂದರೆ ತುಳು ಮನೆಯ ಮಗು ‘ಇಲ್ಲ್’ ಎನ್ನುತ್ತದೆ. ತುಳುವಿನಲ್ಲಿ ಅದು ಮನೆ. ಕನ್ನಡವೊಂದನ್ನೇ ಬಲ್ಲ ಶಿಕ್ಷಕರ ಕಿವಿಗೆ ಅದು ನಿರಾಕರಣೆ. ಅಲ್ಲಿ ಗದರಿಸಿದರೆ ಸರಿಯಾದ ಉತ್ತರ ಕೊಟ್ಟ ಮಗುವೇ ತಲೆ ತಗ್ಗಿಸುತ್ತದೆ, ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವುದಿಲ್ಲ. ಯಾವ ಮಗು ಯಾವ ಗಳಿಗೆಯಲ್ಲಿ ಮೌನವಾಯಿತೆಂಬುದನ್ನು ದಿನಚರಿಯಲ್ಲಿ ಬರೆದಿಡಿ.

ಮರುವಾರ ಮಕ್ಕಳಿಂದಲೇ ಪಡೆದ ಹತ್ತು ಮನೆಮಾತಿನ ಪದಗಳನ್ನು ಕನ್ನಡ ಪದಗಳ ಪಕ್ಕದಲ್ಲಿ ಗೋಡೆಗೆ ಹಚ್ಚಿ, ಪಾಠವನ್ನು ಅವುಗಳಿಂದ ಆರಂಭಿಸಿ. ಮೂರು ತಿಂಗಳ ನಂತರ ಅದೇ ಮುಖಗಳ ಚೀಟಿಯನ್ನು ಮತ್ತೆ ಹಂಚಿ, ಹಳೆಯದರ ಜೊತೆಗಿಟ್ಟು ನೋಡಿ.